ಪೈ ಅಂದರೆ 22/7 ಅಲ್ಲವೇ, ಸರ್?

"ಸರ್, 22/7 ಭಾಗಲಬ್ಧ ಸಂಖ್ಯೆ. ಪೈ ಅಂದರೆ 22/7. ಮತ್ತೆ ಪುಸ್ತಕದಲ್ಲಿ ಪೈ ಅಭಾಗಲಬ್ಧ ಅಂತ ಯಾಕಿದೆ?"

ಒಂಬತ್ತನೇ ತರಗತಿಯಲ್ಲಿ ಸಂಖ್ಯಾ ಪದ್ಧತಿಯ ಪಾಠ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೆ ಕೇಳಿದ ಮಗುವಿನ ತರ್ಕದಲ್ಲಿ ದೋಷವಿಲ್ಲ, ಅದು ನನಗೆ ಹೆಮ್ಮೆ. ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆ ಭಾಗಲಬ್ಧ, ಹಾಗೆ ಬರೆಯಲಾಗದ್ದು ಅಭಾಗಲಬ್ಧ. ತಪ್ಪಿರುವುದು ನಡುವಿನ ಒಂದು ಮಾತು ಮಾತ್ರ: ಪೈ 22/7 ಅಲ್ಲ.

ನನ್ನ ಮಾತು ನಂಬಬೇಡಿ, ಭಾಗಿಸಿ ನೋಡಿ. 22ನ್ನು 7ರಿಂದ ಭಾಗಿಸಿದರೆ 3.142857142857… ಬರುತ್ತದೆ. 142857 ಎಂಬ ಆರು ಅಂಕಿಗಳೇ ಮತ್ತೆ ಮತ್ತೆ ತಿರುಗುತ್ತವೆ. ಪೈ ಬೆಲೆ 3.14159265… ದಶಮಾಂಶದ ಮೂರನೇ ಸ್ಥಾನದಲ್ಲೇ ಎರಡೂ ಬೇರೆಯಾದವು. ಪೈನ ಅಂಕಿಗಳು ಮುಗಿಯುವುದೂ ಇಲ್ಲ, ಒಂದೇ ಗುಂಪಾಗಿ ತಿರುಗುವುದೂ ಇಲ್ಲ, ಅಂದರೆ ಅದು ಅಭಾಗಲಬ್ಧ. ಅದನ್ನು 1761ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿ ತೋರಿಸಿದ. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಆರ್ಕಿಮಿಡೀಸ್ ಹೇಳಿದ್ದೂ ಪೈ 22/7ಕ್ಕಿಂತ ಕಡಿಮೆ ಎಂದೇ, ಸಮ ಎಂದಲ್ಲ. ನಮ್ಮ ಆರ್ಯಭಟ 20000 ವ್ಯಾಸದ ವೃತ್ತಕ್ಕೆ ಪರಿಧಿ 62832 ಎಂದು ಕೊಟ್ಟ, ಅಂದರೆ 3.1416. ಕೊಡುವಾಗ 'ಆಸನ್ನ' ಎಂಬ ಪದ ಸೇರಿಸಿದ. ಹತ್ತಿರದ್ದು ಎಂದರ್ಥ. ಅಷ್ಟು ಎಚ್ಚರ ನಮಗೂ ಬೇಡವೇ?

ಇಷ್ಟು ಹೇಳಿದ ಮೇಲೆ ಜಾಣ ಮಕ್ಕಳು ಮತ್ತೆ ಕೈ ಎತ್ತುತ್ತಾರೆ. "ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಪೈ. ಅದೂ ಭಿನ್ನರಾಶಿಯೇ ಆಯಿತಲ್ಲ ಸರ್?" ಭಾಗಲಬ್ಧ ಆಗಬೇಕಾದರೆ ಮೇಲೆ, ಕೆಳಗೆ ಎರಡೂ ಕಡೆ ಪೂರ್ಣಾಂಕ ಬೇಕು. ವ್ಯಾಸ ಸರಿಯಾಗಿ 7 ಸೆಂ.ಮೀ. ಇದ್ದರೆ ಪರಿಧಿ 22 ಆಗುವುದಿಲ್ಲ, 21.9911… ಆಗುತ್ತದೆ. ಬಳೆಗೆ ದಾರ ಸುತ್ತಿ ಅಳೆದಾಗ 22 ಕಂಡರೆ ಅದು ಸ್ಕೇಲಿನ ಮಿತಿ. ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕ ವ್ಯತ್ಯಾಸ ಸ್ಕೇಲಿಗೆ ಎಲ್ಲಿ ಸಿಕ್ಕೀತು!

ಹಾಗಾದರೆ ಲೆಕ್ಕಗಳಲ್ಲಿ ತ್ರಿಜ್ಯ ಯಾವಾಗಲೂ 7, 14, 21, 3.5 ಯಾಕೆ ಇರುತ್ತದೆ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಛೇದದ 7 ಹೊಡೆದುಹೋಗಲಿ ಎಂದು ಪ್ರಶ್ನೆ ಬರೆಯುವವರು ಆರಿಸಿದ ಅಳತೆಗಳು ಅವು. ತ್ರಿಜ್ಯ 7 ಇದ್ದರೆ ವಿಸ್ತೀರ್ಣ 22/7 × 49, ಅಂದರೆ 154. ನಿಜವಾದ ವಿಸ್ತೀರ್ಣ ಸುಮಾರು 153.94. ತ್ರಿಜ್ಯ 10 ಕೊಟ್ಟಾಗ 3.14 ಹಾಕಿ ಎನ್ನುವುದೂ ಇದೇ ಕಾರಣಕ್ಕೆ, ಉತ್ತರ 314 ಎಂದು ಸಲೀಸಾಗಿ ಬರುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ಯಾವ ಬೆಲೆ ಹೇಳಿದೆಯೋ ಅದನ್ನೇ ಬಳಸಿ. ಆದರೆ ಹೋಮ್‌ವರ್ಕ್ ಪುಸ್ತಕದಲ್ಲಿ 'ಪೈ = 22/7' ಎಂದು ಬರೆಯುವ ಕಡೆ 'ಸುಮಾರು' ಎಂಬ ಪದ ಸೇರಿಸಿ. ನಾನು ಅದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ.