ತೂಕದ ಆಪರೇಷನ್ ಆದವರು ರಕ್ತ ಕೊಡಬಹುದೇ?

"ತೂಕ ಇಳಿಸಲು ಬೈಪಾಸ್ ಆಪರೇಷನ್ ಮಾಡಿಸಿಕೊಂಡು ಒಂದೂವರೆ ವರ್ಷವಾಯಿತು. 118 ಕೆ.ಜಿ. ಇದ್ದವನು ಈಗ 76. ಹಿಮೋಗ್ಲೋಬಿನ್ 13.2. ಊರಿನ ಶಿಬಿರದಲ್ಲಿ ರಕ್ತ ಕೊಡಲೇ?"
ಗಂಗಾವತಿಯ ಓದುಗರೊಬ್ಬರು

ಕೊಡಬಹುದು, ಆದರೆ ಇನ್ನೊಂದು ಪರೀಕ್ಷೆ ಮಾಡಿಸಿದ ಮೇಲೆ: ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ. ದೊಡ್ಡ ಆಪರೇಷನ್ ಆದವರು ಚೇತರಿಸಿಕೊಂಡ ಮೇಲೆ 12 ತಿಂಗಳು ಕಾಯಬೇಕು, ಕಾದಿದ್ದೀರಿ. ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5, ಅದೂ ಇದೆ. ತೂಕ ಇನ್ನೂ ಇಳಿಯುತ್ತಲೇ ಇದ್ದರೆ ನಿಲ್ಲುವ ತನಕ ತಡೆಯಿರಿ. ಈ ಆಪರೇಷನ್ ಆಗಿದೆ ಎಂಬ ಕಾರಣಕ್ಕೆ ನಿಮ್ಮ ರಕ್ತ ಕೆಡುವುದಿಲ್ಲ. ತೊಂದರೆ ಆಗುವುದಾದರೆ ನಿಮಗೇ.

ಇಷ್ಟು ಹೇಳಿದ ಕೂಡಲೇ ಬರುವ ಮಾತು ನನಗೆ ಬಾಯಿಪಾಠ: "ಹಿಮೋಗ್ಲೋಬಿನ್ ಚಲೋ ಐತಲ್ರೀ ಸರ, ಮತ್ತ್ಯಾಕ ಇನ್ನೊಂದು ಟೆಸ್ಟು?" ಶಿಬಿರದಲ್ಲಿ ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ಮೈಲುತುತ್ತದ ನೀರಿಗೆ ಬಿಡುತ್ತಾರೆ. ಹನಿ ಬೇಗ ಮುಳುಗಿದರೆ ಪಾಸ್. ಆ ಹನಿ ಹೇಳುವುದು ರಕ್ತದಲ್ಲಿ ಇವತ್ತು ಏನಿದೆ ಎಂಬುದನ್ನಷ್ಟೇ.

ತುಂಗಭದ್ರೆಯ ನೀರುಂಡವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಎಡದಂಡೆ ಕಾಲುವೆ ತುಂಬಿ ಹರಿಯುತ್ತಿದೆ ಎಂದ ಮಾತ್ರಕ್ಕೆ ಎರಡನೇ ಬೆಳೆಗೆ ಭತ್ತದ ಸಸಿ ಹಾಕುತ್ತೀರಾ? ಡ್ಯಾಮಿನಲ್ಲಿ ಎಷ್ಟು ಟಿಎಂಸಿ ಇದೆ ಅಂತ ಕೇಳುತ್ತೀರಿ. ಹಿಮೋಗ್ಲೋಬಿನ್ ಕಾಲುವೆ, ಫೆರಿಟಿನ್ ಡ್ಯಾಂ. ಕಬ್ಬಿಣ ಕಡಿಮೆಯಾದಾಗ ದೇಹ ಮೊದಲು ದಾಸ್ತಾನು ಬಳಿದು ಕಾಲುವೆಗೆ ಬಿಡುತ್ತದೆ. ಹಿಮೋಗ್ಲೋಬಿನ್ ಇಳಿಯುವುದು ಕಟ್ಟಕಡೆಗೆ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಅದು ಡೆಡ್ ಸ್ಟೋರೇಜ್, ಕಾಲುವೆಗೆ ಬಿಡಲಾಗದ ತಳದ ನೀರು ಎಂದೇ ತಿಳಿಯಿರಿ, ಹಿಮೋಗ್ಲೋಬಿನ್ 13 ಇದ್ದರೂ ಸರಿಯೇ.

ನಿಮ್ಮ ಡ್ಯಾಮಿಗೆ ಒಳಹರಿವೂ ಕಡಿಮೆ. ಊಟದ ಕಬ್ಬಿಣ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಗೇಣಿನಲ್ಲಿ. ಬೈಪಾಸ್ ಆದ ಮೇಲೆ ಊಟ ಆ ದಾರಿ ಹಿಡಿಯುವುದೇ ಇಲ್ಲ. ಬರೀ ಹೊಟ್ಟೆ ಕಿರಿದು ಮಾಡಿಸಿಕೊಂಡವರಿಗೆ ಆ ದಾರಿ ಉಳಿದಿರುತ್ತದೆ, ಆದರೆ ಕಬ್ಬಿಣ ಹೀರಲು ನೆರವಾಗುವ ಹೊಟ್ಟೆಯ ಆಮ್ಲ ಕಡಿಮೆ. ಆರೋಗ್ಯವಂತರ ದೇಹವೇ ದಿನಕ್ಕೆ 1-2 ಮಿ.ಗ್ರಾಂ. ಕಬ್ಬಿಣ ಹೀರುತ್ತದೆ, 350 ಮಿ.ಲೀ. ರಕ್ತದ ಜೊತೆ ಹೋಗುವುದು ಸುಮಾರು 150. ಪಕ್ಕದಲ್ಲಿ ಸಂಡೂರಿನ ಅದಿರು ಗುಡ್ಡದಷ್ಟಿದ್ದು ಏನು ಬಂತು? ಬೀಟ್‌ರೂಟ್ ಜ್ಯೂಸಿನ ಸುದ್ದಿಯನ್ನಂತೂ ಎತ್ತಬೇಡಿ. ಅದರ ಕೆಂಪು ಕಬ್ಬಿಣದ್ದಲ್ಲ.

ಫೆರಿಟಿನ್, ಬಿ12 ನೋಡಿಸಿ, ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿ, ಶಿಬಿರದ ಫಾರಂನಲ್ಲಿ ಮುಚ್ಚಿಡದೆ ಬರೆಯಿರಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಕ್ತ ಕೊಟ್ಟ ಮೇಲೆ ಕೈಗಿಡುವ ಮಾವಿನ ಜ್ಯೂಸ್ ಪೊಟ್ಟಣವನ್ನು ಗಟಗಟ ಕುಡಿಯಬೇಡಿ. ಬೈಪಾಸ್ ಆದವರಿಗೆ ಅಷ್ಟು ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದರೆ ಎದೆ ಹೊಡೆದುಕೊಂಡು, ಬೆವತು, ತಲೆಸುತ್ತು ಬರಬಹುದು. ಸುತ್ತಲಿದ್ದವರು ರಕ್ತ ಕೊಟ್ಟಿದ್ದಕ್ಕೇ ಹೀಗಾಯಿತು ಅಂತ ಗಾಬರಿಯಾಗುತ್ತಾರೆ, ಇನ್ನೊಂದು ಪೊಟ್ಟಣ ಕುಡಿಸುತ್ತಾರೆ! ಮನೆಯಿಂದಲೇ ಒಂದು ಬಾಟಲಿ ಉಪ್ಪು ಮಜ್ಜಿಗೆ ತಂದುಕೊಳ್ಳಿ, ಗುಟುಕು ಗುಟುಕಾಗಿ ಕುಡಿಯಿರಿ. ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಕ್ಯಾಲ್ಸಿಯಂ ಮಾತ್ರೆಯೂ ಬೇಡ, ಚಹಾವೂ ಬೇಡ. ನಡುವೆ ಎರಡು ತಾಸು ಬಿಡಿ.