ಮರಕೆಸು: ಬೆಳೆಸುವುದು ಹೇಗೆ, ತಿನ್ನುವುದು ಹೇಗೆ

ಮಲೆನಾಡಿನಲ್ಲೋ ಕರಾವಳಿಯಲ್ಲೋ ಇದ್ದರೆ ಜುಲೈನಲ್ಲಿ ಹಳೆ ಹಲಸು, ಮಾವಿನ ಮರಗಳನ್ನು ತಲೆಯೆತ್ತಿ ನೋಡಿ. ಕವಲುಗಳಲ್ಲಿ ಹೃದಯದಾಕಾರದ ಅಗಲ ಎಲೆಗಳು ಕಾಣುತ್ತವೆ. ಅದೇ ಮರಕೆಸು. ಸಸ್ಯಶಾಸ್ತ್ರದಲ್ಲಿ ರೆಮುಸೇಷಿಯಾ ವಿವಿಪಾರ, ನೆಲದ ಕೆಸುವಿನ ಕುಟುಂಬದ್ದೇ. ಬಂದಳಿಕೆಯ ಹಾಗೆ ಇದು ಮರದ ರಸ ಹೀರುವುದಿಲ್ಲ. ಕವಲಿನಲ್ಲಿ ಕೊಳೆತ ತರಗೆಲೆ, ಪಾಚಿ ಇದ್ದರೆ ಅಷ್ಟೇ ಸಾಕು.

ಇದು ಹೂ ಬಿಡುವುದು ಅಪರೂಪ. ಹಾಗಾದರೆ ಒಂದು ಮರದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಗೆಡ್ಡೆಯಿಂದ ನೆಟ್ಟಗೆ ಕಡ್ಡಿಗಳು ಏಳುತ್ತವೆ, ಅದರ ತುಂಬಾ ಪುಟ್ಟ ಪುಟ್ಟ ಮರಿಗೆಡ್ಡೆಗಳು. ಒಂದನ್ನು ಹತ್ತಿರ ಹಿಡಿದು ನೋಡಿ, ಮೈ ತುಂಬಾ ತುದಿ ಬಾಗಿದ ಸಣ್ಣ ಕೊಕ್ಕೆಗಳು! ಅಂಗಿಗೆ ತಾಗಿದರೆ ಅಲ್ಲೇ ಕಚ್ಚಿಕೊಳ್ಳುತ್ತವೆ. ಹಕ್ಕಿ, ಪ್ರಾಣಿಗಳ ಮೈಗೆ ಅಂಟಿಕೊಂಡು ಊರೆಲ್ಲ ಸುತ್ತುವುದೂ ಹೀಗೆಯೇ. ನನಗಂತೂ ಈ ಗಿಡದಲ್ಲಿ ತುಂಬಾ ಇಷ್ಟವಾಗುವುದು ಇದೇ.

ಬೆಳೆಸುವ ಗುಟ್ಟೆಲ್ಲ ಮರದ ಕವಲಿನಲ್ಲೇ ಇದೆ. ಅಲ್ಲಿ ನೆರಳಿದೆ, ನೀರು ನಿಲ್ಲುವುದಿಲ್ಲ, ಮಣ್ಣು ಇಲ್ಲವೇ ಇಲ್ಲ ಅನ್ನಬಹುದು. ಕುಂಡದಲ್ಲೂ ಅದನ್ನೇ ಮಾಡಿ. ತೆಂಗಿನ ನಾರು, ತರಗೆಲೆ ಗೊಬ್ಬರ, ಸ್ವಲ್ಪ ಮರಳು ಸೇರಿಸಿ ಮೇ ಕೊನೆಗೆ ಗೆಡ್ಡೆ ಇಡಿ. ಮಳೆ ಮುಗಿದ ಮೇಲೆ ಎಲೆ ಹಳದಿಯಾಗಿ ಒಣಗುತ್ತದೆ. ಗಿಡ ಸತ್ತಿಲ್ಲ, ಗೆಡ್ಡೆ ನಿದ್ದೆಗೆ ಹೋಗಿದೆ. ಆಗ ಪಾಪ ಅಂತ ನೀರು ಹಾಕಿದರೆ ಕೊಳೆಯುತ್ತದೆ.

ಇನ್ನು ತಿನ್ನುವ ವಿಷಯ. ಕೆಸುವಿನ ಜಾತಿಯ ಎಲೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ. ಬಾಯಿ, ಗಂಟಲು ತುರಿಸುವುದು ಅವು ಚುಚ್ಚುವುದರಿಂದ. ಹಸಿಯಾಗಿ ತಿನ್ನಲೇಬೇಡಿ. ಈ ಎಲೆಯನ್ನು ಸುತ್ತಿ ಬೇಯಿಸುವ ತಿಂಡಿ ಪತ್ರೊಡೆ. ಅದಕ್ಕೆ ನೆನೆಸಿದ ಅಕ್ಕಿ, ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಜೀರಿಗೆ, ಬೆಲ್ಲ ಹಾಕಿ ಗಟ್ಟಿಯಾಗಿ ರುಬ್ಬುತ್ತಾರೆ. ಹುಣಸೆಹುಳಿಯಲ್ಲಿ ಮಾತ್ರ ಜಿಪುಣತನ ಬೇಡ. ಎಲೆಯ ದಪ್ಪ ನರ ಹೆರೆದು, ಹಿಂಬದಿಗೆ ಹಿಟ್ಟು ಸವರಿ, ಒಂದರ ಮೇಲೊಂದು ಇಟ್ಟು ಸುತ್ತಿ, ಮುಕ್ಕಾಲು ಗಂಟೆಯಾದರೂ ಹಬೆಯಲ್ಲಿ ಬೇಯಿಸಬೇಕು. ಹುಳಿ, ಬೇಯುವಿಕೆ ಎರಡೂ ಸರಿಯಿದ್ದರೆ ತುರಿಕೆಯ ಭಯ ಅಷ್ಟಾಗಿ ಇಲ್ಲ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಲಿ.

ಎಲೆ ಕೊಯ್ಯುವಾಗ ಗಿಡವನ್ನು ಬೋಳು ಮಾಡಬೇಡಿ, ಒಂದೆರಡು ಎಲೆ ಬಿಡಿ. ಮುಂದಿನ ಜೂನ್‌ಗೆ ಬೇಕಾದ ಆಹಾರವನ್ನು ಗೆಡ್ಡೆ ಆ ಎಲೆಗಳಿಂದಲೇ ಕೂಡಿಡಬೇಕಲ್ವಾ?