ಲ್ಯಾಬ್ ಸಾಮಾನು ಕೇಳುವ ಮುಂಚೆ ಪಾಠ ಬರೆದುಕೊಳ್ಳಿ

ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹೋದ ವರ್ಷ ಕಬ್ಬಿಣದ ಬೀರುವೊಂದನ್ನು ತೆಗೆಸಿದೆವು. ಬೀಗದ ಕೈ ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಒಳಗೆ ಆರು ಮೈಕ್ರೋಸ್ಕೋಪ್ ಇದ್ದವು. ನಾಲ್ಕು ಇನ್ನೂ ಥರ್ಮೋಕೋಲಿನೊಳಗೇ ಕೂತಿದ್ದವು. ಒಂದನ್ನು ತೆಗೆದು ಕಿಟಕಿ ಹತ್ತಿರ ಹಿಡಿದು ನೋಡಿದೆ. ಲೆನ್ಸಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಜೊತೆಗೆ ಬಂದಿದ್ದ ಸಿಲಿಕಾ ಜೆಲ್ ಪೊಟ್ಟಣದ ಹರಳುಗಳು ನೀಲಿ ಬಣ್ಣ ಹೋಗಿ ಗುಲಾಬಿಯಾಗಿದ್ದವು. ತೇವ ಕುಡಿದು ಎಷ್ಟೋ ಕಾಲವಾಗಿದೆ ಅಂತ ಅರ್ಥ. ನಾಲೆ ಬಯಲಿನ ಊರು, ಸುತ್ತ ಭತ್ತದ ಗದ್ದೆ, ಗಾಳಿಯಲ್ಲೇ ತೇವ.

ಶಾಲೆಯವರನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಅಲ್ಲಿನ ವಿಜ್ಞಾನ ಮೇಡಂ ತುಂಬಾ ಚೆನ್ನಾಗಿ ಪಾಠ ಮಾಡುವವರು. ಅವರು ಕೇಳಿದ್ದು ಒಂದೇ ಮಾತು: "ಸರ್, ಒಡೆದರೆ ಯಾರು ಜವಾಬ್ದಾರಿ?" ಆ ಪ್ರಶ್ನೆಗೆ ಉತ್ತರ ಸಿಗದೇ ಇದ್ದದ್ದಕ್ಕೇ ಬೀಗ ಬಿದ್ದಿತ್ತು.

ನಾನು 26 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ನಿವೃತ್ತಿಯಾದ ಮೇಲೆ ಮೈಸೂರು, ಮಂಡ್ಯ ಜಿಲ್ಲೆಗಳ ಶಾಲೆಗಳಿಗೆ ಲ್ಯಾಬ್ ಸಾಮಾನು, ಅದಕ್ಕೆ ಬೇಕಾದ ದುಡ್ಡು ಹುಡುಕಿಕೊಡುವ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಖಚಿತವಾಗಿರುವ ವಿಷಯ ಒಂದಿದೆ. ಕೊಡುವವರು ಇದ್ದಾರೆ. ನಾವು ಕೇಳುವ ರೀತಿ ಸರಿಯಿಲ್ಲ. ಸಾಮಾನು ಕೇಳುತ್ತೇವೆ, ಆ ಸಾಮಾನಿನಿಂದ ಯಾವ ಮಗು ಯಾವ ದಿನ ಏನು ಮಾಡುತ್ತದೆ ಅಂತ ಹೇಳುವುದೇ ಇಲ್ಲ.

ಹೆಚ್ಚಿನ ಶಾಲೆಗಳ ಪತ್ರ ಹೀಗಿರುತ್ತದೆ: "ನಮ್ಮ ಶಾಲೆಯು ಗ್ರಾಮೀಣ ಪ್ರದೇಶದಲ್ಲಿದ್ದು, ಬಡ ಮಕ್ಕಳು ವ್ಯಾಸಂಗ ಮಾಡುತ್ತಿದ್ದು, ಪ್ರಯೋಗಾಲಯಕ್ಕೆ ಅಗತ್ಯವಾದ ಉಪಕರಣಗಳನ್ನು ಒದಗಿಸಿಕೊಡಬೇಕಾಗಿ ವಿನಂತಿ." ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಕೂತು ಇದನ್ನು ಓದುವವರ ಜಾಗದಲ್ಲಿ ನಿಂತು ನೋಡಿ. ಇಂಥ ಪತ್ರ ಅವರ ಮೇಜಿನ ಮೇಲೆ ರಾಶಿ ಇರುತ್ತದೆ. ಎಷ್ಟು ಸಾಮಾನು, ಎಷ್ಟು ದುಡ್ಡು, ಯಾವ ಮಕ್ಕಳಿಗೆ, ಒಂದೂ ಗೊತ್ತಾಗಲ್ಲ. ಫೈಲಿನಲ್ಲಿ ಇಡುತ್ತಾರೆ, ಅಷ್ಟೇ.

ಪಾಂಡವಪುರ ಕಡೆಯ ಒಂದು ಶಾಲೆಯ ಪರವಾಗಿ ನಾವು ಬರೆದ ಪತ್ರದ ಸಾರ ಹೀಗಿತ್ತು. "10ನೇ ತರಗತಿಯಲ್ಲಿ 44 ಮಕ್ಕಳಿದ್ದಾರೆ. ವಿದ್ಯುತ್ ಪಾಠದಲ್ಲಿ ಓಮ್‌ನ ನಿಯಮವನ್ನು ಈಗ ಮೇಷ್ಟ್ರು ಮುಂದೆ ನಿಂತು ಒಂದೇ ಸೆಟ್‌ನಲ್ಲಿ ಮಾಡಿ ತೋರಿಸುತ್ತಾರೆ. ಹಿಂದಿನ ಬೆಂಚಿನವರಿಗೆ ಮೀಟರಿನ ಮುಳ್ಳು ಕಾಣಿಸಲ್ಲ. ನಾಲ್ಕು ಮಕ್ಕಳಿಗೆ ಒಂದರಂತೆ 11 ಸೆಟ್ ಬೇಕು. ಒಂದು ಸೆಟ್ ಅಂದರೆ ಎರಡು ಡಿಜಿಟಲ್ ಮಲ್ಟಿಮೀಟರ್, ಸೆಲ್ ಹೋಲ್ಡರ್, ಒಂದು ಮೀಟರ್ ನಿಕ್ರೋಮ್ ತಂತಿ, ಕ್ಲಿಪ್ ಇರುವ ವೈರುಗಳು. ಸೆಟ್‌ಗೆ ಸುಮಾರು 1,000 ರೂಪಾಯಿ. ಆಗಸ್ಟ್ ತಿಂಗಳಲ್ಲಿ ಪಾಠ ಬರುತ್ತದೆ. ಪ್ರತಿ ಮಗುವೂ ತಾನೇ ಅಳತೆ ತೆಗೆದು, ತಾನೇ ಗ್ರಾಫ್ ಹಾಕುತ್ತದೆ. ಆ ದಿನ ನೀವೂ ಬನ್ನಿ." ಜೊತೆಗೆ ಮೂರು ಅಂಗಡಿಯ ಕೊಟೇಶನ್ ಇಟ್ಟೆವು.

ಹದಿನೈದು ದಿನದಲ್ಲಿ ಫೋನ್ ಬಂತು. ಕೊಟ್ಟವರು ದೊಡ್ಡ ಕಂಪನಿಯೂ ಅಲ್ಲ. ಮೈಸೂರಿನ ಹೆಬ್ಬಾಳದಲ್ಲಿ ಬಿಡಿಭಾಗ ಮಾಡುವ ಚಿಕ್ಕ ಘಟಕ. ಅದರ ಮಾಲೀಕರು ಪಾಠದ ದಿನ ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತು ವೈರ್ ಜೋಡಿಸಿದರು.

ದೊಡ್ಡ ಕಂಪನಿಗಳ ವಿಷಯಕ್ಕೆ ಬರೋಣ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಎಂಬ ಪದ ಈಗ ಹಳ್ಳಿಯ ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಸಮಿತಿ) ಸಭೆಯಲ್ಲೂ ಕೇಳಿಬರುತ್ತದೆ. ಆದರೆ ಅದರ ಲೆಕ್ಕ ಗೊತ್ತಿರುವವರು ಕಡಿಮೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಇದನ್ನು ಹೇಳುತ್ತದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಈ ಮಾತು ನಮಗೆ ಮುಖ್ಯ. ನಂಜನಗೂಡು, ಹೂಟಗಳ್ಳಿ, ಕೂರ್ಗಳ್ಳಿ, ಮಂಡ್ಯದ ತೂಬಿನಕೆರೆ, ಮದ್ದೂರಿನ ಸೋಮನಹಳ್ಳಿ, ಇಲ್ಲೆಲ್ಲ ಕೈಗಾರಿಕಾ ಪ್ರದೇಶಗಳಿವೆ. ನಿಮ್ಮ ಶಾಲೆಯಿಂದ ಕಾರ್ಖಾನೆ ಎಷ್ಟು ಕಿಲೋಮೀಟರ್, ಅಲ್ಲಿ ಕೆಲಸ ಮಾಡುವವರ ಮಕ್ಕಳು ಎಷ್ಟು ಜನ ನಿಮ್ಮಲ್ಲಿ ಓದುತ್ತಾರೆ ಅಂತ ಪತ್ರದ ಎರಡನೇ ಸಾಲಿನಲ್ಲೇ ಬರೆಯಿರಿ.

ಯಾವ ಕಂಪನಿ ಎಷ್ಟು ಖರ್ಚು ಮಾಡಿದೆ ಅನ್ನುವುದು ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಅರ್ಜಿ ಬರೆಯುವ ಮುಂಚೆ ಒಂದು ಸಂಜೆ ಅದನ್ನು ನೋಡಿ. ಆರೋಗ್ಯಕ್ಕೆ ಮಾತ್ರ ಕೊಡುವ ಕಂಪನಿಗೆ ಲ್ಯಾಬ್ ಕೇಳಿ ಸುಮ್ನೆ ಕಾಯುವುದು ತಪ್ಪುತ್ತದೆ. ಕಂಪನಿಗಳು ಶಾಲೆಯ ಕೈಗೆ ನೇರ ಚೆಕ್ ಕೊಡುವುದು ಅಪರೂಪ. ತಾವೇ ಕೊಂಡು ತಂದು ಕೊಡುತ್ತಾರೆ, ಇಲ್ಲವೇ ಒಂದು ಟ್ರಸ್ಟ್ ಮೂಲಕ ಮಾಡುತ್ತಾರೆ. 2021ರ ಏಪ್ರಿಲ್‌ನಿಂದ ಅಂಥ ಟ್ರಸ್ಟ್ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿರಬೇಕು. ನಿಮ್ಮ ಪರವಾಗಿ ದುಡ್ಡು ತರುತ್ತೇವೆ ಅಂತ ಯಾರಾದರೂ ಬಂದರೆ ಮೊದಲು ಆ ನೋಂದಣಿ ಸಂಖ್ಯೆ ಕೇಳಿ.

ಸಮಯವನ್ನೂ ನೋಡಿಕೊಳ್ಳಿ. ಕಂಪನಿಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ವರ್ಷದ ಮೊದಲ ತಿಂಗಳುಗಳಲ್ಲಿ ಯೋಜನೆ ಕೂಡಿಸುತ್ತಾರೆ. ನಮ್ಮವರು ಪತ್ರ ಹಿಡಿದು ಹೋಗುವುದು ಜನವರಿಯಲ್ಲಿ, ಎಲ್ಲ ಹಂಚಿ ಮುಗಿದ ಮೇಲೆ. ಬೇಸಿಗೆ ರಜೆಯಲ್ಲೇ ಪತ್ರ ತಯಾರಾಗಿರಲಿ.

ಸರ್ಕಾರದ ಕಡೆ ಇರುವುದನ್ನು ಚಿಕ್ಕದಾಗಿ ಹೇಳುತ್ತೇನೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಬರುತ್ತದೆ. 100 ದಾಟಿ 250ರವರೆಗಿನ ಶಾಲೆಗೆ ವರ್ಷಕ್ಕೆ 50,000, ಅದಕ್ಕೂ ಮೇಲೆ 1,000ದವರೆಗೆ 75,000 ರೂಪಾಯಿ ಅಂತ ನಿಗದಿಯಿದೆ. ಅದರಲ್ಲೇ ಸುಣ್ಣಬಣ್ಣ, ಕರೆಂಟು, ಸ್ವಚ್ಛತೆ ಎಲ್ಲ ಆಗಬೇಕು. ಲ್ಯಾಬಿಗೆ ಉಳಿಯುವುದು ಸ್ವಲ್ಪ, ಆದರೆ ಆ ಸ್ವಲ್ಪವನ್ನು ಸೆಲ್ಲು, ರಾಸಾಯನಿಕ, ಸ್ಲೈಡಿಗೆ ಅಂತ ಎತ್ತಿಡಿ. ಇನ್ಸ್‌ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ತನ್ನ ಮಾದರಿ ಮಾಡಲು 10,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಮಕ್ಕಳು ತಾವೇ ಮಾದರಿ ಕಟ್ಟಿ ನೋಡುವ ಅಟಲ್ ಟಿಂಕರಿಂಗ್ ಲ್ಯಾಬ್ ದೊಡ್ಡ ಮೊತ್ತ, 20 ಲಕ್ಷದವರೆಗೆ. ಅರ್ಧ ಸ್ಥಾಪನೆಗೆ, ಉಳಿದದ್ದು ನಡೆಸುವುದಕ್ಕೆ. ಸರ್ಕಾರಿ ಶಾಲೆಗಳಲ್ಲಿ 5 ವರ್ಷದಲ್ಲಿ ಇನ್ನೂ 50,000 ಇಂಥ ಲ್ಯಾಬ್ ಮಾಡುತ್ತೇವೆ ಅಂತ 2025ರ ಕೇಂದ್ರ ಬಜೆಟ್ ಹೇಳಿದೆ. ಶಾಲೆಗೂ ದಾನಿಗೂ ನಂಟು ಹಾಕುವ ಕೇಂದ್ರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಶಾಲೆಯ ಗುರುತಿನ ಯುಡೈಸ್ ಸಂಖ್ಯೆಯಿಂದ ನೋಂದಾಯಿಸಿಕೊಂಡು ಬೇಕಾದ ವಸ್ತು ಹಾಕಬಹುದು. ಅಲ್ಲೂ ಅದೇ ಮಾತು: "ಲ್ಯಾಬ್ ಸಾಮಾನು" ಅಂತ ಹಾಕಬೇಡಿ, "22 ಮಲ್ಟಿಮೀಟರ್" ಅಂತ ಹಾಕಿ.

ಈಗ ದುಡ್ಡೇ ಬೇಡದ ಒಂದು ವಿಷಯ. ನನಗೆ ಅತಿ ಪ್ರಿಯವಾದದ್ದು ಇದು.

ಮಂಡ್ಯದ ಸುತ್ತ ಎಲ್ಲಿ ನೋಡಿದರೂ ಕಬ್ಬು. ಕಬ್ಬು ಬಲಿತಿದೆಯೋ ಇಲ್ಲವೋ ಅಂತ ನೋಡಲು ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮ್ಯಾನ್ ಹತ್ತಿರ ಒಂದು ಪುಟ್ಟ ಸಾಧನ ಇರುತ್ತದೆ. ಕೈ ರಿಫ್ರಾಕ್ಟೋಮೀಟರ್ ಅಂತಾರೆ. ಪೆನ್ ಟಾರ್ಚಿನಷ್ಟು ಉದ್ದ. ತುದಿಯ ಗಾಜಿನ ಮೇಲೆ ಒಂದು ಹನಿ ಕಬ್ಬಿನ ಹಾಲು ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನೀಲಿ ಬಿಳಿ ಸೇರುವ ಗೆರೆ ಕಾಣುತ್ತದೆ. ಆ ಗೆರೆ ನಿಂತ ಅಂಕಿಯೇ ಬ್ರಿಕ್ಸ್, ಅಂದರೆ ಹಾಲಿನಲ್ಲಿ ಕರಗಿರುವ ಪದಾರ್ಥ ಶೇಕಡಾ ಎಷ್ಟು ಅನ್ನುವುದು. ಅದರಲ್ಲಿ ಹೆಚ್ಚಿನದು ಸಕ್ಕರೆ. ಸಕ್ಕರೆ ಜಾಸ್ತಿಯಾದಷ್ಟೂ ಬೆಳಕು ಜಾಸ್ತಿ ಬಾಗುತ್ತದೆ. 10ನೇ ತರಗತಿಯ ಬೆಳಕಿನ ಪಾಠದ ವಕ್ರೀಭವನ ಇದೇ ತಾನೇ?

ಒಬ್ಬ ಫೀಲ್ಡ್‌ಮ್ಯಾನ್‌ನನ್ನು ಒಂದು ಬೆಳಗ್ಗೆ ಶಾಲೆಗೆ ಕರೆದೆವು. ಮಕ್ಕಳು ಮನೆಯಿಂದ ಒಂದೊಂದು ಜಲ್ಲೆ ತಂದರು. ಬುಡದ ಗಿಣ್ಣಿನ ಹಾಲು ಒಂದು ಸಲ, ತುದಿಯ ಗಿಣ್ಣಿನ ಹಾಲು ಇನ್ನೊಂದು ಸಲ. ಎಳೆ ಕಬ್ಬಿನಲ್ಲಿ ಬುಡಕ್ಕೂ ತುದಿಗೂ ತುಂಬಾ ವ್ಯತ್ಯಾಸ ಬಂತು. ಬಲಿತ ಕಬ್ಬಿನಲ್ಲಿ ಎರಡೂ ಹತ್ತಿರ ಹತ್ತಿರ ಬಂದವು. "ಅದ್ಕೇ ನಮ್ಮಜ್ಜ ನಮಗೆ ಬುಡದ ತುಂಡೇ ಕೊಡೋದು" ಅಂತ ಒಬ್ಬ ಹುಡುಗ ಹೇಳಿದ. ಆಮೇಲೆ ಅದೇ ಹಾಲಿಗೆ ಪಿಎಚ್ ಕಾಗದ ಅದ್ದಿದರು. ಸ್ವಲ್ಪ ಹುಳಿ, 5ರ ಆಸುಪಾಸು. ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುಣ್ಣ ಯಾಕೆ ಹಾಕುತ್ತಾರೆ ಅನ್ನುವ ಪ್ರಶ್ನೆಯನ್ನು ಅವರೇ ಎತ್ತಿದರು. ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕಾ? ಖರ್ಚಾದದ್ದು ಪಿಎಚ್ ಕಾಗದಕ್ಕೆ ಮಾತ್ರ.

ಹೀಗೆ ಎರವಲು ಸಿಗುವುದು ಇನ್ನೂ ಇದೆ. ಮೈಸೂರಿನಲ್ಲಿ ಎನ್‌ಐಇ, ಎಸ್‌ಜೆಸಿಇ, ಮಂಡ್ಯದಲ್ಲಿ ಪಿಇಎಸ್, ಇಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಶಾಲೆಗೆ ಬಂದು ಕೆಟ್ಟ ಮೀಟರ್ ರಿಪೇರಿ ಮಾಡುವ ಆಸೆ ಇರುತ್ತದೆ, ಕೇಳುವವರು ಬೇಕು. ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಮೈಸೂರಿನಲ್ಲೇ ಇದೆ. ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರ್ಮ್ ಮಂಡ್ಯದ ಪಕ್ಕದಲ್ಲೇ ಇದೆ. ಮಣ್ಣು ಪರೀಕ್ಷೆಯ ಪಾಠಕ್ಕೆ ಅಲ್ಲಿನವರಿಗಿಂತ ಒಳ್ಳೆಯ ಮೇಷ್ಟ್ರು ಎಲ್ಲಿ ಸಿಗುತ್ತಾರೆ?

ಹಳೇ ಕಂಪ್ಯೂಟರ್ ಬಗ್ಗೆ ಎಚ್ಚರ ಹೇಳಲೇಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿತು. ಕಚೇರಿಗಳು ರಾಶಿ ರಾಶಿ ಕಂಪ್ಯೂಟರ್ ಬದಲಿಸುತ್ತಿವೆ. ಅವುಗಳಲ್ಲಿ ಒಳ್ಳೆಯವೂ ಇವೆ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದ್ದರೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡು ಇನ್ನೂ ಐದಾರು ವರ್ಷ ಆರಾಮಾಗಿ ಓಡುತ್ತದೆ. ಆದರೆ ಹೋಗಿ, ಪ್ರತಿಯೊಂದನ್ನೂ ಆನ್ ಮಾಡಿ ನೋಡಿ ತನ್ನಿ. ಡಿಸ್ಕ್ ಪೂರ್ತಿ ಅಳಿಸಿದ್ದೇವೆ ಅಂತ ಬರವಣಿಗೆಯಲ್ಲಿ ಪಡೆಯಿರಿ. ಒಮ್ಮೆ ಒಂದು ಕಚೇರಿಯವರು ನಮ್ಮ ಕಡೆಯ ಶಾಲೆಗೆ ಲಾರಿಯಲ್ಲಿ 20 ದಪ್ಪ ಮಾನಿಟರ್, ಊದಿಕೊಂಡ ಯುಪಿಎಸ್ ಬ್ಯಾಟರಿ ತಂದು ಇಳಿಸಿ, ಫೋಟೋ ತೆಗೆದುಕೊಂಡು ಹೋದರು. ಒಂದೂ ಹೊತ್ತಲಿಲ್ಲ. ಅದನ್ನು ಇ-ತ್ಯಾಜ್ಯದವರಿಗೆ ಒಪ್ಪಿಸುವಷ್ಟರಲ್ಲಿ ಒಂದು ತರಗತಿ ಕೋಣೆ ಎರಡು ವರ್ಷ ಗೋದಾಮಾಯಿತು. ಮಕ್ಕಳ ಕೋಣೆ ಅದು. ಬೇಡ ಅನ್ನುವ ಹಕ್ಕು ಶಾಲೆಗೂ ಇದೆ. ವಿನಯದಿಂದ ಹೇಳಿ, ಆದರೆ ಹೇಳಿ.

ಇನ್ನು ಆ ಮದ್ದೂರಿನ ಬೀರುವಿಗೆ ಬರುತ್ತೇನೆ. "ಒಡೆದರೆ ಯಾರು ಜವಾಬ್ದಾರಿ?" ದಾನ ಬಂದ ಸಾಮಾನು ಕೂಡಾ ದಾಸ್ತಾನು ಪುಸ್ತಕಕ್ಕೆ ಹತ್ತಬೇಕು. ಹತ್ತಿದ ಮೇಲೆ ವರ್ಷಾಂತ್ಯದಲ್ಲಿ ಎಣಿಕೆ ಸರಿ ಇರಬೇಕು. ಒಂದು ಬೀಕರ್ ಕಡಿಮೆಯಾದರೆ ತನ್ನ ಸಂಬಳಕ್ಕೆ ಬರುತ್ತದೇನೋ ಎಂಬ ಭಯ ಮೇಷ್ಟ್ರಿಗೆ. ಮಗುವಿನ ಕೈಗೆ ಕೊಡದೇ ಇದ್ದರೆ ಎಣಿಕೆ ಯಾವಾಗಲೂ ಸರಿ ಇರುತ್ತದೆ ಅಲ್ವಾ?

ಹಾಗಾಗಿ ನಾವು ಈಗ ಸಾಮಾನು ಇಳಿಯುವ ದಿನವೇ ಎಸ್‌ಡಿಎಂಸಿ ಸಭೆ ಸೇರಿಸುತ್ತೇವೆ. ನಡಾವಳಿ ಪುಸ್ತಕದಲ್ಲಿ ಮೂರು ಮಾತು ಬರೆಸುತ್ತೇವೆ. ಈ ಸಾಮಾನು ಮಕ್ಕಳು ಬಳಸುವುದಕ್ಕೆ ಬಂದದ್ದು. ಗಾಜು, ಸೆಲ್, ಸ್ಲೈಡ್, ಕಾಗದ, ರಾಸಾಯನಿಕ ಇವು ಬಳಸಿ ಮುಗಿಯುವ ಸಾಮಾನು, ಬೇರೆ ಪುಸ್ತಕದಲ್ಲಿ ಹತ್ತುತ್ತವೆ. ಪ್ರಯೋಗದ ವೇಳೆ ಒಡೆದದ್ದನ್ನು ತಾರೀಖಿನ ಸಮೇತ ಒಡಕು ಪುಸ್ತಕದಲ್ಲಿ ಬರೆದು, ಮುಖ್ಯ ಶಿಕ್ಷಕರು ಸಹಿ ಮಾಡಿ, ಸಮಿತಿಯ ಮುಂದಿಟ್ಟು ಲೆಕ್ಕದಿಂದ ವಜಾ ಮಾಡಿಸುವುದು. ದಾನಿಯ ಪತ್ರದಲ್ಲೂ "ಮಕ್ಕಳ ಬಳಕೆಗೆ" ಅಂತ ಒಂದು ಸಾಲು ಸೇರಿಸಲು ಕೇಳುತ್ತೇವೆ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ. ಇಷ್ಟು ಕಾಗದ ಕೈಯಲ್ಲಿದ್ದರೆ ಮೇಷ್ಟ್ರು ಬೀಗ ತೆಗೆಯುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಆ ಆರು ಮೈಕ್ರೋಸ್ಕೋಪ್‌ಗಳಲ್ಲಿ ನಾಲ್ಕನ್ನು ಮೈಸೂರಿನ ಒಬ್ಬ ರಿಪೇರಿಯವರು ಬಿಚ್ಚಿ ಒರೆಸಿ ಸರಿ ಮಾಡಿಕೊಟ್ಟರು. ಎರಡರ ಲೆನ್ಸ್ ಹೋಗಿತ್ತು, ಉಳಿಯಲಿಲ್ಲ. ಸಿಲಿಕಾ ಜೆಲ್ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿದಾಗ ಮತ್ತೆ ನೀಲಿಯಾಯಿತು. ಮೇಡಂ 8ನೇ ತರಗತಿಯವರಿಗೆ ನಾಲೆ ಪಕ್ಕದ ಹೊಂಡದ ನೀರು ತರಲು ಹೇಳಿದರು. ಪಾಚಿ ಅಂಟಿದ ನೀರಿನ ಒಂದು ಹನಿ, ಮೇಲೆ ತೆಳು ಗಾಜಿನ ಕವರ್ ಸ್ಲಿಪ್. ಮೊದಲು ನೋಡಿದ ಹುಡುಗಿ ಕಣ್ಣು ತೆಗೆಯಲೇ ಇಲ್ಲ. "ಮಿಸ್, ಓಡ್ತಾ ಐತೆ, ಓಡ್ತಾ ಐತೆ!" ಹಿಂದೆ ನಿಂತವರು ನೂಕಾಡಿದರು, ಎರಡು ಸ್ಲೈಡ್ ಒಡೆದವು. ಒಡಕು ಪುಸ್ತಕದ ಮೊದಲ ಸಾಲು ಅವತ್ತಿನದೇ.

ವರ್ಷದ ಕೊನೆಗೆ ದಾನಿಗೆ ಕಳಿಸಿದ ಪತ್ರದಲ್ಲಿ ನಾವು ಆ ಪುಸ್ತಕದ ಪುಟವನ್ನೇ ಜೆರಾಕ್ಸ್ ಮಾಡಿ ಇಟ್ಟೆವು. 9 ಸ್ಲೈಡ್, ಎರಡು ಡಬ್ಬಿ ಕವರ್ ಸ್ಲಿಪ್, ಒಂದು ಥರ್ಮಾಮೀಟರ್, ಒಂದು ಬೀಕರ್. ಯಾವ ದಿನ, ಯಾವ ಪಾಠದಲ್ಲಿ ಅಂತ ಪಕ್ಕದಲ್ಲಿ ಬರೆದಿತ್ತು. ಜೂನ್‌ನಲ್ಲಿ ಅವರೇ ಮೇಡಂಗೆ ಫೋನ್ ಮಾಡಿ ಈ ಸಲ ಏನು ಬೇಕು ಅಂತ ಕೇಳಿದರು. ಮೇಡಂ ಆಗಲೇ ಪಟ್ಟಿ ಬರೆದಿಟ್ಟಿದ್ದರು. ಕವರ್ ಸ್ಲಿಪ್ 5 ಡಬ್ಬಿ, ಪಾದರಸ ಇಲ್ಲದ ಥರ್ಮಾಮೀಟರ್ 4, ಈರುಳ್ಳಿ ಸಿಪ್ಪೆಗೆ ಬಣ್ಣ ಹಾಕಲು ಅಯೋಡಿನ್ ಒಂದು ಬಾಟಲಿ.